ರಾಜನ ಕುದುರೆ ನೆಗೆತ

ಉದಯಶಂಕರನ ಬಗ್ಗೆ ಬರೆಯಲು ಕುಳಿತರೆ ಮೊದಲು ನಾಚಿಕೆಯಾಗುವುದು ನನಗೇ. ಅವನ ಸುಳ್ಳಿಗೆ ಸಾಕ್ಷಿ ಹೇಳಿದವನು ನಾನು.

ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ನಾನು ಉಡುಪಿ ಕಡೆಯ ಪ್ಲಾಸಿಡ್, ಕುವೈತ್ ಸುತ್ತಿ ಬಂದವನು. ಅವನು ಮೈಸೂರಿನ ಎಂಜಿನಿಯರ್. ಇಲ್ಲಿ ಸ್ವಿಚ್‌ಬೋರ್ಡ್ ಕಾರ್ಖಾನೆಯಲ್ಲಿ ಸ್ಕ್ರೂ ತಿರುಗಿಸುತ್ತಿದ್ದ. ಅಲ್ಲಿ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

೧೯೯೭ರಲ್ಲಿ ನಮ್ಮ ಮಕ್ಕಳ ಶಾಲೆಯ ಟೀಚರ್ ಉದಯನನ್ನು ಕೇಳಿದರು. ಇಂಡಿಯಾದವರಲ್ಲವೇ, ನಿಮಗೆ ಚೆಸ್ ಬರುತ್ತದೆಯೇ ಎಂದು. ಬರುತ್ತದೆ ಎಂದಷ್ಟೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ಅವನ ಹತ್ತು ವರ್ಷದ ಮಗಳು ಪ್ರಣತಿ ಕತ್ತೆತ್ತಿ ಅಪ್ಪನನ್ನೇ ನೋಡುತ್ತಿದ್ದಳು. ಮೈಸೂರಿಗೇ ಚಾಂಪಿಯನ್ ಆಗಿದ್ದೆ ಎಂದುಬಿಟ್ಟ. ಟೀಚರ್ ಬೆರಗಿನಿಂದ ನನ್ನ ಕಡೆ ತಿರುಗಿದರು. ಕಪ್ ನಾನೇ ಕಣ್ಣಾರೆ ನೋಡಿದ್ದೇನೆ ಎಂದೆ. ರೈಲು ಬಿಡುವವನಿಗೆ ಹಸಿರು ಬಾವುಟ ತೋರಿಸಿದ ಹಾಗಾಯಿತು.

ಮರುವಾರವೇ ಅವನು ಶಾಲೆಯ ಚೆಸ್ ಕೋಚ್. ಬಾಲ್ಯದಲ್ಲಿ ತಾತನ ಜೊತೆ ಆಡಿದ ಮನೆಯ ಚದುರಂಗ ಬಿಟ್ಟರೆ ಅವನಿಗೆ ಬೇರೇನೂ ಗೊತ್ತಿರಲಿಲ್ಲ. ರಾಜನನ್ನು ಮೂಲೆಗೆ ಸರಿಸುವ ಕ್ಯಾಸಲಿಂಗ್ ಯಾವಾಗ ಮಾಡಬೇಕು ಎಂದು ನನ್ನ ಮಗ ಆಲ್ವಿನ್ ಕೇಳಿದ. ಆ ಹೆಸರನ್ನೇ ಕೇಳಿರದ ನಮ್ಮ ಚಾಂಪಿಯನ್ ಕಣ್ಣು ಮುಚ್ಚಿಕೊಂಡು, ಮನಸ್ಸು ಹೇಳಿದಾಗ ಎಂದ.

ಆಟ ಬಾರದವನು ಆಟಗಾರನ ಠೀವಿ ಕಲಿಸಿದ. ತಪ್ಪು ನಡೆ ನಡೆಸಿದರೆ ಮುಖ ಬದಲಾಗಬಾರದು. ನಿಧಾನಕ್ಕೆ ಒಂದು ಗುಟುಕು ನೀರು ಕುಡಿಯಬೇಕು. ಎದುರಾಳಿಯ ರಾಜನನ್ನು ಅಯ್ಯೋ ಪಾಪ ಎಂಬಂತೆ ನೋಡಬೇಕು. ನಗಬೇಡಿ, ಮಕ್ಕಳು ಮೂರು ಶಾಲೆಗಳನ್ನು ಹೀಗೇ ಹೆದರಿಸಿ ಗೆದ್ದರು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನಾನು ಅವನ ಬೆನ್ನು ತಟ್ಟಿದೆ.

ಮಗಳಿಗೆ ಮಾತ್ರ ಗುಟ್ಟಾಗಿ ಒಂದು ಕೊನೆಯ ಅಸ್ತ್ರ ಹೇಳಿಕೊಟ್ಟಿದ್ದ. ಒಮ್ಮೆಯೂ ಚೆಕ್ ಬೀಳದ ರಾಜ ಆಟದಲ್ಲಿ ಒಂದೇ ಸಲ ಕುದುರೆಯಂತೆ ನೆಗೆಯಬಹುದು ಎಂದು. ತಾತನ ಜಗಲಿಯಲ್ಲಿ ಅದು ನಿಯಮವೇ ಆಗಿತ್ತು. ಇಲ್ಲಿ ಯಾರೂ ಹಾಗೆ ನೆಗೆಯದ್ದನ್ನು ಕಂಡು, ಇವರಿಗೆ ಗೊತ್ತಿಲ್ಲ ಎಂದುಕೊಂಡಿದ್ದ ಪುಣ್ಯಾತ್ಮ.

ಫೈನಲ್ ಸನ್ನಿಬ್ಯಾಂಕ್‌ನ ಒಂದು ಹಾಲ್‌ನಲ್ಲಿ. ಪ್ರಣತಿಯ ರಾಜ ಇಕ್ಕಟ್ಟಿಗೆ ಸಿಕ್ಕಿದ್ದ. ಅವಳು ಅಪ್ಪನನ್ನೊಮ್ಮೆ ನೋಡಿ ರಾಜನನ್ನು ಎತ್ತಿ ಕುದುರೆಯಂತೆ ನೆಗೆಸಿದಳು. ಎದುರಿನ ಹುಡುಗಿ ಕೈ ಎತ್ತಿದಳು. ಮುದುಕ ಅಂಪೈರ್ ಬಂದು ಬೋರ್ಡ್ ನೋಡಿ, ಇದನ್ನು ನಿನಗೆ ಯಾರು ಕಲಿಸಿದರು ಎಂದು ಗಟ್ಟಿಯಾಗಿ ಕೇಳಿದರು. ಟೀಚರ್ ಉದಯನ ಕಡೆ ನೋಡಿದರು. ಅವನು ನಾಲ್ಕು ಹೆಜ್ಜೆ ದೂರದಲ್ಲಿದ್ದ. ಇನ್ನೊಂದು ಹೆಜ್ಜೆ ಹಿಂದೆ ಸರಿದ.

ಪ್ರಣತಿ ನಿಧಾನಕ್ಕೆ ಒಂದು ಗುಟುಕು ನೀರು ಕುಡಿದಳು. ಮುಖ ಬದಲಾಗಲಿಲ್ಲ.

"ನೋಬಡಿ. ಐ ಮೇಡ್ ಇಟ್ ಅಪ್" ಎಂದಳು.

ಅದು ಮೋಸ ಎಂದು ಅಂಪೈರ್ ಎಲ್ಲರೆದುರು ಬೈದರು. ಆಟ ಹೋಯಿತು. ಟೀಚರ್ ಅವಳಿಂದ ಎದುರಿನ ಹುಡುಗಿಗೆ ಕ್ಷಮೆ ಕೇಳಿಸಿದರು. ನಾವಿಬ್ಬರು ಗಂಡಸರು ಗೋಡೆಗೆ ಒರಗಿ ನೆಲ ನೋಡುತ್ತಿದ್ದೆವು.

ಕಾರು ಹೊರಟು ಎರಡು ಸಿಗ್ನಲ್ ದಾಟಿತು. ಹಿಂದಿನ ಸೀಟಿನಲ್ಲಿ ಪ್ರಣತಿ, ಆಲ್ವಿನ್. ಉದಯನೇ ಕೇಳಿದ.

"ಯಾಕೆ ಪುಟ್ಟಿ ಹಂಗ್ ಹೇಳ್ಬಿಟ್ಟೆ?"

"ಡ್ಯಾಡ್, ವರ್ ಯೂ ರಿಯಲಿ ಎ ಚಾಂಪಿಯನ್?"

ಉದಯ ನನ್ನ ಮುಖ ನೋಡಿದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

"ಇಲ್ಲ ಕಣೆ" ಎಂದ.

"ಐ ನೋ. ಅಮ್ಮ ಟೋಲ್ಡ್ ಮಿ." ಎಂದಳು. "ಬಟ್ ಐ ಥಾಟ್ ದ ಜಂಪ್ ವಾಸ್ ರಿಯಲ್."

ತಾತನ ಜಗಲಿಯಲ್ಲಿ ಅದು ನಿಜವೇ ಆಗಿತ್ತು. ಅವನು ಅವಳಿಗೆ ಸುಳ್ಳಿಲ್ಲದೆ ಕಲಿಸಿದ್ದು ಅದೊಂದೇ. ಉದಯ ಕಾರನ್ನು ಪಕ್ಕಕ್ಕೆ ಹಾಕಿದ.

"ಪ್ಲಾಸಿಡ್, ವಾಪಸ್ ಹಾಲ್‌ಗೆ ಹೋಗ್ತೀನಿ ಕಣೋ" ಎಂದ.

ಹಾಲ್‌ನಲ್ಲಿ ಕುರ್ಚಿ ಮಡಚುತ್ತಿದ್ದರು. ಅಂಪೈರ್, ಟೀಚರ್, ಗೆದ್ದ ಹುಡುಗಿ, ಅವಳ ಅಪ್ಪ ಅಮ್ಮ ಎಲ್ಲ ಇದ್ದರು. ಉದಯ ಅವರ ಮುಂದೆ ನಿಂತು, ಕಲಿಸಿದ್ದು ನಾನು, ಮಗು ಮೋಸ ಮಾಡಲಿಲ್ಲ, ನಾನು ಎಲ್ಲಿಯ ಚಾಂಪಿಯನ್ನೂ ಅಲ್ಲ ಎಂದ. ಇಂಗ್ಲಿಷ್ ತಡವರಿಸಿತು. ಕಪ್ಪಿನ ಕತೆ ನನ್ನದು ಎಂದು ನಾನೂ ಹೇಳಬೇಕಿತ್ತು. ಹೇಳಲಿಲ್ಲ. ಇವತ್ತು ಇಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ಬಾಗಿಲಲ್ಲಿ ನಿಂತಿದ್ದ ಪ್ರಣತಿ ಒಳಗೆ ಬಂದು ತನ್ನ ನೀರಿನ ಬಾಟಲಿಯನ್ನು ಅಪ್ಪನ ಕೈಗೆ ಕೊಟ್ಟಳು. ಅವನು ಎಲ್ಲರೆದುರೇ ಗಟಗಟನೆ, ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು ಕುಡಿದ.