ಎರ್ಮಿನಿಯೊನ ಬೇರೆ ಪುಸ್ತಕ

ಮತಾನ್ಸಾಸ್ ಊರಿನ ಪುಯೆಬ್ಲೊ ನುಯೆವೊ ಪೇಟೆಯಲ್ಲಿ ಈಗ ಎರ್ಮಿನಿಯೊ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. 'ಬೇರೆ ಪುಸ್ತಕ' ಎಲ್ಲಿ ಎಂದು ಕೇಳಬೇಕು. ಆಗ ಅಂಗಳದಲ್ಲಿ ಡಾಮಿನೊ ಆಡುತ್ತಿರುವ ಮುದುಕರು ಆಟ ನಿಲ್ಲಿಸದೆ ಗದ್ದ ಎತ್ತಿ ದಿಕ್ಕು ತೋರಿಸುತ್ತಾರೆ. ಈ ಅಡ್ಡಹೆಸರು ಬಂದು ಇನ್ನೂ ವರ್ಷ ತುಂಬಿಲ್ಲ. ಅದಕ್ಕೆ ಮುಂಚಿನ ಐವತ್ತೇಳು ವರ್ಷ ಅವನು 'ಒಟಿಲಿಯಾಳ ಮಗು' ಆಗಿದ್ದ. ತಲೆ ಬೋಳಾಯಿತು, ಕನ್ನಡಕ ಬಂತು, ಎರಡು ಹಲ್ಲು ಹೋದವು. ಮಗು ಮಾತ್ರ ಮಗುವಾಗಿಯೇ ಉಳಿಯಿತು.

ಅವನ ಕೆಲಸ ಸರ್ಕಾರಿ ಕಚೇರಿಗಳಿಗೆ ಬೋರ್ಡು ಬರೆಯುವುದು. ಬೋರ್ಡು ಬರೆಯುವವನು ಎಂದರೆ ಅವನಿಗೆ ಸಿಟ್ಟು. ತಾನು ಸಾರ್ವಜನಿಕ ಸೂಚನೆಗಳ ತಜ್ಞ ಎಂದು ತಿದ್ದುತ್ತಿದ್ದ. 'ನೀರಿಲ್ಲ', 'ಲಿಫ್ಟ್ ಕೆಟ್ಟಿದೆ', 'ಇವತ್ತು ಕಚೇರಿ ಇಲ್ಲ' ಇವು ಅವನ ಕುಂಚದಿಂದ ಅತಿ ಹೆಚ್ಚು ಬಂದ ಕೃತಿಗಳು. ಊರಿನಲ್ಲಿ ಏನೇ ನಿಂತುಹೋದರೂ ಅದನ್ನು ಮುದ್ದಾದ ಕೆಂಪು ಅಕ್ಷರಗಳಲ್ಲಿ ಸಾರುವ ಗೌರವ ಅವನದು. ಆ ಗೌರವಕ್ಕೆ ತಕ್ಕಂತೆ ಕಂಕುಳಲ್ಲಿ ಒಂದು ಚರ್ಮದ ಚೀಲವೂ ಇತ್ತು. ಒಳಗೆ ಎರಡು ಕುಂಚ, ಒಂದು ಟಿಪ್ಪಣಿ ಪುಸ್ತಕ, ಮಧ್ಯಾಹ್ನದ ಊಟದ ಡಬ್ಬಿ. ಡಬ್ಬಿ ಅಮ್ಮ ಕಟ್ಟಿಕೊಟ್ಟದ್ದು.

ಇಷ್ಟು ದೊಡ್ಡ ಮನುಷ್ಯ ಮಲಗುತ್ತಿದ್ದುದು ಅಟ್ಟದ ಮೇಲೆ. ಮನೆ ಹಳೆಯ ಕಾಲದ್ದು, ಸೂರು ಎತ್ತರ. ತೀರಿಹೋದ ಅಪ್ಪ ಅದರ ನಡುಮಟ್ಟಕ್ಕೆ ಹಲಗೆ ಹೊಡೆದು ಒಂದು ಕೋಣೆಯನ್ನು ಒಂದೂವರೆ ಮಾಡಿದ್ದ. ಕೆಳಗೆ ಅಮ್ಮ, ಮೇಲೆ ಮಗ. ಮೇಲೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಬೀದಿಯಲ್ಲೂ ಅವನ ಕತ್ತು ಸ್ವಲ್ಪ ಬಾಗಿರುತ್ತಿದ್ದುದು ಅದಕ್ಕೇ. ಹೊಸಬರು ಅದನ್ನು ವಿನಯ ಎಂದು ತಿಳಿಯುತ್ತಿದ್ದರು. ಕೆಳಗಿನಿಂದ ಒಟಿಲಿಯಾ ಪೊರಕೆ ಕೋಲಿನಿಂದ ಹಲಗೆಗೆ ಬಡಿಯುತ್ತಿದ್ದಳು. ಒಂದು ಬಡಿತ ಎಂದರೆ ಕಾಫಿ ಆಗಿದೆ. ಎರಡು ಎಂದರೆ ನಲ್ಲಿಯಲ್ಲಿ ನೀರು ಬಂದಿದೆ, ಬಕೆಟ್ ತುಂಬಿಸು. ಮೂರು ಎಂದರೆ ರೇಡಿಯೊ ಆರಿಸು. ನಲವತ್ತು ವರ್ಷ ಈ ಮನೆಯಲ್ಲಿ ಗಡಿಯಾರವೇ ಬೇಕಾಗಿರಲಿಲ್ಲ.

ಆ ಅಟ್ಟಕ್ಕೆ ಒಮ್ಮೆ ಹೆಂಡತಿಯೂ ಬಂದಿದ್ದಳು, ಇಲುಮಿನಾದಾ ಎಂಬವಳು. ಎರಡು ವರ್ಷ ಎಂಟು ತಿಂಗಳು ಇದ್ದಳು. ಹಲಗೆ ಕಿರುಗುಟ್ಟಿದರೆ ಸಾಕು, ಕೆಳಗಿನಿಂದ ಮೂರು ಬಡಿತ. ಹೊರಡುವ ದಿನ ಅವಳು, "ನಾನು ಮದುವೆಯಾಗಿದ್ದು ನಿನ್ನ, ಪೊರಕೆ ಕೋಲನ್ನಲ್ಲ," ಎಂದು ಹೇಳಿ ಪೆಟ್ಟಿಗೆ ಎತ್ತಿಕೊಂಡಳು. ಅವತ್ತು ಎರ್ಮಿನಿಯೊ ಒಂದು ತೀರ್ಮಾನಕ್ಕೆ ಬಂದ: ತನ್ನ ಬದುಕಿನಲ್ಲಿ ಇಲ್ಲದಿರುವುದು ಒಂದೇ ಒಂದು, ಸ್ವಂತ ಬಾಗಿಲು. ಒಳಗಿನಿಂದ ಚಿಲಕ, ಹೊರಗಿನಿಂದ ಬೀಗ, ಕೀ ತನ್ನ ಜೇಬಿನಲ್ಲಿ. ಅದೊಂದು ಸಿಕ್ಕಿದ್ದರೆ ಹೆಂಡತಿ ಉಳಿಯುತ್ತಿದ್ದಳು, ಮಕ್ಕಳಾಗುತ್ತಿದ್ದವು, ಕತ್ತು ನೆಟ್ಟಗಿರುತ್ತಿತ್ತು, ಬಹುಶಃ ಇಲಾಖೆಯಲ್ಲಿ ಬಡ್ತಿಯೂ ಸಿಗುತ್ತಿತ್ತು.

ಆಗಿನ ಕಾನೂನಿನಲ್ಲಿ ಮನೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಅದಲುಬದಲು ಮಾತ್ರ ಮಾಡಿಕೊಳ್ಳಬಹುದಿತ್ತು. ಒಂದು ದೊಡ್ಡ ಮನೆ ಕೊಟ್ಟು ಎರಡು ಸಣ್ಣವು ಪಡೆಯಬೇಕು. ಎರ್ಮಿನಿಯೊ ತನ್ನ ಜೀವಮಾನದ ಅತ್ಯುತ್ತಮ ಬೋರ್ಡನ್ನು ಬರೆದು ಬೀದಿಬಾಗಿಲಿಗೆ ತೂಗಿಹಾಕಿದ: 'ಅದಲುಬದಲಿಗಿದೆ. ಒಂದಕ್ಕೆ ಎರಡು.' ಬಿಸಿಲಿಗೆ ಬಣ್ಣ ಮಾಸುತ್ತಿತ್ತು. ಪ್ರತಿ ಜನವರಿಯಲ್ಲಿ ಹೊಸದಾಗಿ ಬರೆಯುತ್ತಿದ್ದ. ಹಾಗೆ ಇಪ್ಪತ್ತೆರಡು ಜನವರಿಗಳು ಕಳೆದವು.

ಜನ ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿದ್ದರು; ಒಟಿಲಿಯಾ ಅವರಿಗೆ ಕಾಫಿ ಕೊಟ್ಟು, ಅವರ ಮನೆಗಳನ್ನು ನೋಡಿಬಂದು, ಬೇಡ ಎನ್ನುತ್ತಿದ್ದಳು. ಒಂದು ಕಡೆ ಪಕ್ಕದವರು ಬಚ್ಚಲಲ್ಲಿ ಹಂದಿ ಸಾಕಿದ್ದರು. ಇನ್ನೊಂದು ಮೂರನೇ ಮಹಡಿಯಲ್ಲಿತ್ತು. ಅಲ್ಲಿ ಇರೋಕೆ ನಾನೇನು ಪಾರಿವಾಳಾನಾ ಎಂದು ಕೇಳಿದಳು. ಮತ್ತೊಂದರ ಕಿಟಕಿ ಸ್ಮಶಾನಕ್ಕೆ ತೆರೆಯುತ್ತಿತ್ತು. ಸತ್ತವರೆಲ್ಲ ದಿನವಿಡೀ ತನ್ನನ್ನೇ ನೋಡುತ್ತಾ, ಇವಳು ಯಾಕೆ ಇನ್ನೂ ಬಂದಿಲ್ಲ ಎಂದು ಮಾತಾಡಿಕೊಳ್ಳುತ್ತಾರೆ ಎಂಬುದು ಅವಳ ತಕರಾರು. ಒಬ್ಬಳೇ ಇರಲು ಭಯ ಎಂದು ಅವಳು ಯಾವತ್ತೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಹಟ ಎಂದುಕೊಂಡ, ಹಟಕ್ಕೆ ಮುಂದಿನ ಜನವರಿಯಲ್ಲಿ ಇನ್ನೂ ದೊಡ್ಡ ಅಕ್ಷರಗಳಲ್ಲಿ ಉತ್ತರ ಕೊಟ್ಟ.

ಕೊನೆಗೆ ಹೋದ ವರ್ಷ ಒಂದು ಜೋಡಿ ಬಂತು. ಅರವತ್ತು ದಾಟಿದ ವಿಧವೆ, ಅರವತ್ತೈದರ ವಿಧುರ, ಮದುವೆಯಾಗಲು ಹೊರಟಿದ್ದರು. ಅವರಿಗೆ ಎರಡು ಕೊಟ್ಟು ಒಂದು ಬೇಕಿತ್ತು. ಅವಳದು ನೆಲಮಟ್ಟದ ಒಂದು ಕೋಣೆ, ಸಣ್ಣ ಅಡುಗೆಮನೆ, ಬಚ್ಚಲು. ಅವನದು ಮೂರನೇ ಮಹಡಿಯ ಕೋಣೆ. ಎರಡರ ನಡುವೆ ಮುನ್ನೂರು ಹೆಜ್ಜೆ. ಎರ್ಮಿನಿಯೊ ಎಣಿಸಿ ನೋಡಿದ್ದ. ಮುದಿ ಜೋಡಿ ಅಟ್ಟದ ಏಣಿ ಹತ್ತಿ ಇಳಿದು ನಗಾಡುತ್ತಿದ್ದುದನ್ನು ನೋಡುತ್ತಾ ಒಟಿಲಿಯಾ ಕಾಫಿ ಲೋಟ ತೊಳೆಯುತ್ತಿದ್ದಳು. ಅವರು ಹೋದ ಮೇಲೆ ಎಂದಿನಂತೆ ಬಾಯಿ ತೆರೆದಳು, ಬಚ್ಚಲ ನೆಲ ಜಾರುತ್ತೆ ಎಂದಳು.

ಎರ್ಮಿನಿಯೊ ಕೂಗಾಡಲಿಲ್ಲ. ತಗ್ಗಿದ ದನಿಯಲ್ಲಿ, "ಅಮ್ಮ, ನೀನು ಸತ್ತ ಮೇಲೇ ನಂಗೆ ಬಾಗಿಲು ಸಿಗೋದು ಅಂತಾದ್ರೆ ಅದನ್ನಾದ್ರೂ ಹೇಳ್ಬಿಡು. ಕಾಯ್ತೀನಿ," ಎಂದ.

ಒಟಿಲಿಯಾ ಲೋಟ ಬೋರಲು ಹಾಕಿದಳು. ಕೈ ಒರೆಸಿಕೊಂಡಳು. "ಎಲ್ಲಿ ಸಹಿ ಹಾಕ್ಬೇಕು, ತೋರ್ಸು," ಎಂದಳು.

ಸಹಿಯ ದಿನ ಅವಳು ಓಲೆ ಹಾಕಿಕೊಂಡು ಬಂದಿದ್ದಳು.

ಮನೆ ಎರಡಾದಂತೆ ರೇಷನ್ ಪುಸ್ತಕವೂ ಎರಡಾಗಬೇಕಿತ್ತು. ಹಳೆಯ ಪುಸ್ತಕದಲ್ಲಿ ಮುಖ್ಯಸ್ಥೆ ಒಟಿಲಿಯಾ, ಸಂಖ್ಯೆ ಒಂದು. ಎರ್ಮಿನಿಯೊ ಸಂಖ್ಯೆ ಎರಡು. ಹೊಸದರಲ್ಲಿ ಅವನೇ ಒಂದು. ಎರಡನೆಯವರು ಯಾರೂ ಇರಲಿಲ್ಲ, ಆದರೆ ಮುಖ್ಯಸ್ಥನಾಗಲು ಅದು ಅಡ್ಡಿಯಲ್ಲ. ಅವನು ಪುಸ್ತಕಕ್ಕೆ ರಟ್ಟು ಹಾಕಿ, ಮೇಲೆ ತನ್ನ ಹೆಸರನ್ನು ನೆರಳು ಬಿಟ್ಟ ಅಕ್ಷರಗಳಲ್ಲಿ ಬರೆದ. ಬ್ರೆಡ್ ಡಿಪೊದ ನಿದಿಯಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಬ್ಬಾ, ಇದಕ್ಕೆ ಬನ್ನು ಕೊಡೋದೋ ಪದಕ ಕೊಡೋದೋ," ಎಂದು ಸಾಲಿನಲ್ಲಿದ್ದವರನ್ನೆಲ್ಲ ನಗಿಸಿದಳು. ತಲೆಗೊಂದು ಬನ್ನು, ದಿನಕ್ಕೊಂದು ಗೀಟು. ಅಷ್ಟು ವರ್ಷ ಎರಡು ಬನ್ನು ಒಯ್ಯುತ್ತಿದ್ದವನು ಅವತ್ತು ಒಂದನ್ನು ಒಯ್ದ. ಸ್ವಲ್ಪ ಹೊತ್ತಿನಲ್ಲಿ ಒಟಿಲಿಯಾ ತನ್ನ ಪುಸ್ತಕ ಹಿಡಿದು ಗೋಡೆ ಸವರುತ್ತಾ ಬಂದು ಇನ್ನೊಂದನ್ನು ಒಯ್ದಳು.

ಕೀಗಳ ವಿಷಯದಲ್ಲೂ ಅವನು ಕಟ್ಟುನಿಟ್ಟು. ಅಮ್ಮನ ಬಾಗಿಲಿಗೆ ಎರಡು ಕೀ ಇದ್ದವು. ಒಂದು ನಿನ್ನ ಹತ್ರ ಇರ್ಲಿ ಎಂದು ಅವಳು ಚಾಚಿದಾಗ ಇವನು ಆ ಕೈಯನ್ನು ಮೃದುವಾಗಿ ಮಡಿಸಿ, ಎರಡೂ ನಿಂದೇ, ಇದು ನಿನ್ನ ಮನೆ ಎಂದು ಪುಟ್ಟ ಭಾಷಣ ಮಾಡಿದ. ಭೇಟಿ ಭಾನುವಾರ ಮಾತ್ರ ಎಂದು ಗೊತ್ತುಮಾಡಿದ. ಸಂಬಂಧ ಚೆನ್ನಾಗಿರಬೇಕಾದರೆ ಅದಕ್ಕೊಂದು ವೇಳಾಪಟ್ಟಿ ಇರಬೇಕು ಎಂಬುದು ಅವನ ಹೊಸ ಸಿದ್ಧಾಂತ. ಮೊದಲ ವಾರ ಅವಳು ನೆರೆಯವರ ಕೈಲಿ ಕಪ್ಪು ಅವರೆಯ ಸಾರು ಕಳಿಸಿದಳು. ತಿಂದ, ಪಾತ್ರೆ ತೊಳೆದು ವಾಪಸು ಕಳಿಸಿದ. ಮೂರನೇ ಮಹಡಿಯಲ್ಲಿ ಚಿಲಕ ಹಾಕಿ ತೆಗೆದು, ತೆಗೆದು ಹಾಕಿ, ನೆಟ್ಟಗೆ ನಿಂತು ನೋಡಿದ. ಕತ್ತು ಹಾಗೇ ಬಾಗಿತ್ತು. ಅಭ್ಯಾಸವಾಗಬೇಕು ಎಂದುಕೊಂಡ.

ಮೂರನೇ ಭಾನುವಾರ ಒಟಿಲಿಯಾ ಬಚ್ಚಲ ನಲ್ಲಿ ಸೋರುತ್ತಿದೆ ಎಂದಳು. ನೆಲ ಪಾಚಿ ಕಟ್ಟಿದ ಹಾಗಾಗಿದೆ, ಕಾಲಿಡಲು ಹೆದರಿಕೆ. ಅವನು ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದು, ಮುಂದಿನ ಭಾನುವಾರದ ತಾರೀಖು ಹಾಕಿ, 'ಅಮ್ಮ, ನಲ್ಲಿ' ಎಂದು ಬರೆದುಕೊಂಡ. ಅಕ್ಷರಗಳು ಅಂದವಾಗಿದ್ದವು.

ಬುಧವಾರ ಒಟಿಲಿಯಾ ಬ್ರೆಡ್ಡಿಗೆ ಬರಲಿಲ್ಲ. ಅವತ್ತಿನ ಬನ್ನು ಅವತ್ತೇ ಒಯ್ಯಬೇಕು, ಇಲ್ಲವಾದರೆ ಹೋಯಿತು. ನಿದಿಯಾ ಮಾತ್ರ ಅದನ್ನು ಕಾಗದದಲ್ಲಿ ಸುತ್ತಿ ಬದಿಗಿಟ್ಟಳು. ಗುರುವಾರ ಬೆಳಿಗ್ಗೆ ಎರ್ಮಿನಿಯೊ ಸಾಲಿನಲ್ಲಿ ಬಂದು ನಿಂತಾಗ ಕೇಳಿದಳು:

"ನಿಮ್ಮಮ್ಮನ ಬನ್ನು ನಿನ್ನೆಯಿಂದ ಇಲ್ಲೇ ಬಿದ್ದಿದೆ ಕಣೋ. ತಗೊಂಡ್ ಹೋಗ್ತೀಯಾ?"

ಹಿಂದೆ ಏಳೆಂಟು ಜನ ನಿಂತಿದ್ದರು. ಒಬ್ಬ ಮುಖ್ಯಸ್ಥ ಇನ್ನೊಬ್ಬ ಮುಖ್ಯಸ್ಥೆಯ ವ್ಯವಹಾರದಲ್ಲಿ ಕೈಹಾಕುವುದು ತರವಲ್ಲ ಎಂದು ಅವನಿಗೆ ಅನಿಸಿತು. ಮೂರೇ ವಾರಕ್ಕೆ ಮತ್ತೆ ಎರಡು ಬನ್ನು ಹಿಡಿದು ಬೀದಿಯಲ್ಲಿ ನಡೆದರೆ ಜನ ಏನೆನ್ನುತ್ತಾರೆ ಎಂಬುದೂ ಹೊಳೆದಿರಬೇಕು. ಭಾನುವಾರ ತಾನು ಹೋಗುವುದೇ ಇತ್ತಲ್ಲ. ರಟ್ಟು ಹಾಕಿದ ಪುಸ್ತಕವನ್ನು ಮುಂದೆ ಚಾಚಿ ಹೇಳಿದ:

"ಅದು ಬೇರೆ ಮನೆ, ನಿದಿಯಾ. ಬೇರೆ ಪುಸ್ತಕ."

ಸಾಲು ನಕ್ಕಿತು. ಅವನು ತನ್ನ ಬನ್ನು ತೆಗೆದುಕೊಂಡು ಕೆಲಸಕ್ಕೆ ಹೋದ.

ಶುಕ್ರವಾರ ಮಧ್ಯಾಹ್ನ ನಿದಿಯಾ ಡಿಪೊದ ಕಿಟಕಿ ಮುಚ್ಚಿ, ಒಣಗಿದ ಬನ್ನುಗಳನ್ನು ಹಿಡಿದು ತಾನೇ ಒಟಿಲಿಯಾಳ ಬಾಗಿಲಿಗೆ ಹೋದಳು. ಬಡಿದಳು, ಕರೆದಳು, ಉತ್ತರವಿಲ್ಲ. ಪಕ್ಕದ ಮನೆಯವಳು ಹೊರಬಂದು, ಮಂಗಳವಾರ ಸಾಯಂಕಾಲದಿಂದ ಒಳಗೆ ಟಕ್ ಟಕ್ ಎಂದು ಸದ್ದಾಗುತ್ತಿತ್ತು ಎಂದಳು. ಒಂದು ಬಡಿತ, ನಿಲ್ಲುವುದು. ಎರಡು ಬಡಿತ, ನಿಲ್ಲುವುದು. ಹೊಸದಾಗಿ ಬಂದವರಲ್ಲವೇ, ಮಗ ಬಂದು ಗೋಡೆಗೆ ಮೊಳೆ ಹೊಡೆಯುತ್ತಿದ್ದಾನೆ ಎಂದುಕೊಂಡಿದ್ದಳಂತೆ. ಗುರುವಾರ ಮಧ್ಯಾಹ್ನದಿಂದ ಸದ್ದು ನಿಂತಿತ್ತು.

ಎರ್ಮಿನಿಯೊನನ್ನು ಕರೆಸಿದರು. ಬೆರಳಿನ ಕೆಂಪು ಬಣ್ಣ ಒರೆಸಿಕೊಳ್ಳದೆ ಓಡಿಬಂದ. ಎಲ್ಲರೂ ಅವನ ಕೈ ನೋಡಿದರು, ಕೀ ಇರಲಿಲ್ಲ. ಎರಡೂ ಒಳಗಿದ್ದವು. ಪಕ್ಕದ ಮನೆಯವಳ ಗಂಡನೂ ಅವನೂ ಭುಜ ಕೊಟ್ಟು ಬಾಗಿಲು ಮುರಿದರು. ಬಾಗಿಲು ಗಟ್ಟಿಯಾಗಿತ್ತು, ಸುಮಾರು ಹೊತ್ತು ಹಿಡಿಯಿತು.

ಒಟಿಲಿಯಾ ಬಚ್ಚಲ ಹೊಸ್ತಿಲ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಕೈಗೆಟುಕಿದ ಪೊರಕೆಯ ಕೋಲನ್ನು ಇನ್ನೂ ಹಿಡಿದಿದ್ದಳು. ಅದು ತಾಗುವಷ್ಟು ಎತ್ತರಕ್ಕೆ ಗೋಡೆಯ ಗಾರೆ ಉದುರಿ ಒಂದು ತಟ್ಟೆಯಷ್ಟು ಗುಳಿಯಾಗಿತ್ತು. ಜೀವವಿತ್ತು. ಸೋರಿದ ನೀರು ಬಾಯಿಯವರೆಗೆ ಹರಿದು ಬರುತ್ತಿದ್ದುದರಿಂದಲೇ ಇಷ್ಟು ದಿನ ಉಳಿದಳು ಎಂದು ಆಮೇಲೆ ಡಾಕ್ಟರು ಹೇಳಿದರು. ಬೀಳಿಸಿದ್ದೂ ಅದೇ ನೀರು.

ಅವನು ಮಂಡಿಯೂರಿ ಕೂತು ತಲೆ ಎತ್ತಿಕೊಂಡಾಗ ಕಣ್ಣು ಬಿಟ್ಟಳು. ಅವಳ ಲೆಕ್ಕದಲ್ಲಿ ಅದು ಹಳೆಯ ಮನೆಯೇ ಇದ್ದಿರಬೇಕು. ದೂರುವ ದನಿಯಲ್ಲ, ಬೇಜಾರಿನ ದನಿಯಲ್ಲಿ ಕೇಳಿದಳು:

"ಅಷ್ಟೊಂದು ಬಡಿದೆ. ಮೇಲೆ ಕೇಳಿಸ್ಲಿಲ್ವೇನೋ, ಮಗು?"

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಒಂಬತ್ತೂ ದಿನ ಅವನು ಮಂಚದ ಪಕ್ಕದ ಕುರ್ಚಿಯಲ್ಲಿ ಬಾಗಿ ಕೂತಿದ್ದ. ಭಾನುವಾರ ಬಂದದ್ದೂ ಹೋದದ್ದೂ ಅವನಿಗೆ ತಿಳಿಯಲಿಲ್ಲ. ಶ್ವಾಸಕೋಶಕ್ಕೆ ನೀರು ಸೇರಿ ಹತ್ತನೇ ದಿನ ಬೆಳಿಗ್ಗೆ ತೀರಿಕೊಂಡಳು. ಕೊನೆಗೂ ಅವಳನ್ನು ಆ ಸ್ಮಶಾನಕ್ಕೇ ಒಯ್ದರು. ಎದುರಿನ ಮನೆಯ ಕಿಟಕಿಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು.

ಪುಯೆಬ್ಲೊ ನುಯೆವೊದ ಜನ ಕೆಟ್ಟವರಲ್ಲ. ಹೆಗಲು ಕೊಟ್ಟರು, ಕಾಫಿ ಪುಡಿ ತಂದುಕೊಟ್ಟರು. ಆದರೆ ಗುರುವಾರದ ಸಾಲಿನಲ್ಲಿ ಏಳೆಂಟು ಜನ ಇದ್ದರಲ್ಲ, ಏಳೆಂಟು ಬಾಯಿ. ವಾರ ಕಳೆಯುವುದರೊಳಗೆ ಹೆಸರು ಅಂಟಿಕೊಂಡಿತು. ಅವತ್ತು ತಾವೂ ನಕ್ಕಿದ್ದು ಯಾರಿಗೂ ನೆನಪಿರಲಿಲ್ಲ. ಮೊದಲೆಲ್ಲ ಬೋರ್ಡಿನವನು ಎಂದರೂ ತಿದ್ದುತ್ತಿದ್ದ ಎರ್ಮಿನಿಯೊ ಇದನ್ನು ತಿದ್ದಲಿಲ್ಲ. ಕರೆದರೆ ತಿರುಗಿ ನೋಡುತ್ತಾನೆ.

ಈಗ ಅವನಿಗೆ ಎರಡು ಬಾಗಿಲು. ಮುರಿದದ್ದನ್ನು ತಾನೇ ಸರಿಮಾಡಿದ, ನಲ್ಲಿಯನ್ನೂ ರಿಪೇರಿ ಮಾಡಿದ. ಮೂರನೇ ಮಹಡಿ ಹತ್ತುವುದು ಅಪರೂಪ. ಕೆಳಗಿನ ಕೋಣೆಯಲ್ಲಿ, ಅಮ್ಮನ ಮಂಚದಲ್ಲಲ್ಲ, ನೆಲದ ಮೇಲೆ ಮಲಗುತ್ತಾನೆ ಎಂದು ಪಕ್ಕದ ಮನೆಯವಳು ಹೇಳುತ್ತಾಳೆ. ಗೋಡೆಯ ಗುಳಿಗೆ ಮಾತ್ರ ಗಾರೆ ಮೆತ್ತಿಲ್ಲವಂತೆ.

ಸತ್ತವರ ಹೆಸರನ್ನು ರೇಷನ್ ಕಚೇರಿಗೆ ಹೋಗಿ ಹೊಡೆದುಹಾಕಿಸಬೇಕು, ಅದು ನಿಯಮ. ನಿಯಮದ ಮನುಷ್ಯ ಎರ್ಮಿನಿಯೊ. ಆದರೂ ಅಂತ್ಯಕ್ರಿಯೆಯ ಮರುದಿನ ಅವನು ಡಿಪೊದ ಕಿಟಕಿಗೆ ಬಂದು ಎರಡು ಪುಸ್ತಕ ಇಟ್ಟ, ಅಮ್ಮನದು ಮೇಲೆ. ನಿದಿಯಾ ಅವನ ಮುಖ ನೋಡಿದಳು.

"ಹೆಸರು ತೆಗೆಸ್ಬೇಕಲ್ಲ, ಎರ್ಮಿನಿಯೊ."

"ಹೋಗಿದ್ದೆ," ಎಂದ. "ಇವತ್ತು ಕಚೇರಿ ಇಲ್ಲ ಅಂತ ಬೋರ್ಡು ಹಾಕಿದಾರೆ."

ಆ ಬೋರ್ಡು ಬರೆದದ್ದು ಯಾರೆಂದು ನಿದಿಯಾಗೆ ಗೊತ್ತಿತ್ತು. ಕಚೇರಿ ತೆರೆದಿದೆ ಎಂಬುದೂ ಗೊತ್ತಿತ್ತು. ಆ ಬೆಳಿಗ್ಗೆ ಅವಳೇ ಅದರ ಮುಂದೆ ಹಾದು ಬಂದಿದ್ದಳು. ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಮೊದಲು ಒಟಿಲಿಯಾಳ ಪುಸ್ತಕದಲ್ಲಿ ಗೀಟೆಳೆದಳು, ಆಮೇಲೆ ಅವನದರಲ್ಲಿ.

ಇದಾಗಿ ನಾಲ್ಕು ತಿಂಗಳಾಯಿತು. ಕಚೇರಿ ಇನ್ನೂ ತೆರೆದಿಲ್ಲ. ಎರ್ಮಿನಿಯೊ ದಿನಾ ಬೆಳಿಗ್ಗೆ ಎರಡು ಬನ್ನು ಹಿಡಿದು ಬೀದಿಯಲ್ಲಿ ನಡೆದುಹೋಗುತ್ತಾನೆ.