ಫಿರೋಜಾಳ ಎಡಗೈ

ಮಾಸ್ತಮ್ಮ ಫಿರೋಜಾಳನ್ನು ಮೊದಲು ಕಂಡ ದಿನ, ಆ ಹುಡುಗಿ ಬೀಳಲಾರದೆ ನಿಂತಿದ್ದಳು.

ಭದ್ರಾವತಿ ಹಳೇನಗರದ ಜೂಡೊ ಹಾಲ್ ಗುಡಿಸಿ, ಮ್ಯಾಟ್ ಒರೆಸುವುದು ಮಾಸ್ತಮ್ಮನ ಕೆಲಸ. ಗಂಡ ಹೋದ ಮೇಲೆ ಹಿಡಿದದ್ದು. ಆವತ್ತು ಕೆಲಸ ಮುಗಿಸಿ ಗೋಡೆಗೊರಗಿ ಕೂತಾಗ, ಎದುರಿಗೆ ಅಭ್ಯಾಸದ ಜೊತೆಗಾತಿ, ಬೇಕರಿಯ ಸಮತಾ, ಫಿರೋಜಾಳ ಕಾಲರ್ ಹಿಡಿದಿದ್ದಳು.

"ನನ್ನ ಮುಖ ನೋಡಿದ್ರೇನೇ ಹಿಂಗೆ ನಡುಗ್ತೀಯಲ್ಲೇ?"

"ನಿನ್ನ ಮುಖಕ್ಕೆ ನಡುಗೋಕೆ ನೀನೇನು ನನ್ನ ಅತ್ತೇನಾ? ಕೈದೇ ಭಯ, ಮಾರಾಯ್ತಿ," ಎಂದಳು ಫಿರೋಜಾ.

ಆಲ್ಕೊಳದ ಗ್ಯಾರೇಜಿನ ಇನಾಯತುಲ್ಲಾನ ಮಗಳು ಅವಳು. ಹಿಂದಿನ ವರ್ಷ ಎಡಕ್ಕೆ ಬೀಳುವಾಗ ಅಂಗೈ ಊರಿ ಮೊಣಕೈ ಮುರಿದುಕೊಂಡಿದ್ದಳು. ಮೂಳೆಯೇನೋ ಕೂಡಿತ್ತು. ಇನ್ನೊಮ್ಮೆ ಹಾಗೆ ಊರಿದರೆ ಕೈ ಮಡಚೋಕೆ ಬರಲ್ಲ ಎಂದಿದ್ದರು ಡಾಕ್ಟರು. ಜೂಡೊದಲ್ಲಿ ಬೀಳುವವರು ಗದ್ದ ಎದೆಗೆ ಒತ್ತಿ, ಸೊಂಟದ ಬೆಲ್ಟಿನ ಗಂಟು ನೋಡುತ್ತಾ, ಇಡೀ ತೋಳಿಂದ ಮ್ಯಾಟಿಗೆ ಬಡಿಯಬೇಕು. ಫಿರೋಜಾ ಬಲಕ್ಕೆ ಚೆನ್ನಾಗಿಯೇ ಬೀಳುತ್ತಿದ್ದಳು. ಎಡಕ್ಕೆ ಎತ್ತಿ ಹಾಕಿದರೆ ಮಾತ್ರ ಅಂಗೈ ತಾನಾಗಿ ನೆಲ ಹುಡುಕುತ್ತಿತ್ತು.

ಮೇಷ್ಟ್ರು ಶ್ರೀನಿವಾಸಮೂರ್ತಿ ಮುಚ್ಚುಮರೆ ಮಾಡಲಿಲ್ಲ. "ಶಿವಮೊಗ್ಗದಲ್ಲಿ ಹೆಣ್ಣುಮಕ್ಕಳ ಕ್ಲಾಸ್ ಶುರುವಾಗ್ತಿದೆ. ನಿನಗೇ ಕೊಡೋ ಆಸೆ ನನಗೆ. ಆದ್ರೆ ಬೀಳೋಕೆ ಹೆದರೋಳ ಕೈಗೆ ಮಕ್ಕಳನ್ನ ಹೇಗಮ್ಮಾ ಒಪ್ಪಿಸ್ಲಿ? ಭಾನುವಾರ ನೋಡ್ತೀನಿ. ಕೈ ಊರಿದ್ಯೋ, ಬೇರೆಯವರಿಗೆ."

ಆಮೇಲೆ ಬೀಳುವುದು ಇನ್ನೂ ಕೆಟ್ಟಿತು. ಹುಡುಗಿಯ ತುಟಿ ಸುಮ್ಮನೆ ಅಲ್ಲಾಡುವುದನ್ನು ಕಂಡು ಮಾಸ್ತಮ್ಮ ಕೇಳಿದಳು, "ಏನೇ ಅದು, ಮಣಮಣ ಅಂತೀಯಲ್ಲ?"

"'ಊರಬೇಡ, ಊರಬೇಡ' ಅಂತ ಕೈಗೆ ಹೇಳ್ತೀನಿ ಅಜ್ಜಿ. ಹೇಳಿದಷ್ಟೂ ಅದೇ ಮುಂದೆ ಹೋಗುತ್ತೆ. ಬೀಳೋದು ಬಿಟ್ಟು ಕೈ ಕಾಯೋದೇ ಆಯ್ತು." ಎಡಗೈಯನ್ನು ಅಜ್ಜಿಯ ಮುಂದೆ ಚಾಚಿ, "ನೀವು ಕಾಯ್ತೀರಾ? ಕೈ ನಿಮ್ಮ ಪಾಲಿಗೆ. ನಾನು ನನ್ನ ಬೆಲ್ಟಿನ ಗಂಟು ನೋಡ್ತೀನಿ," ಎಂದಳು.

"ನಿಮ್ಮ ಜಪಾನಿನ ವಿದ್ಯೆ ನಂಗೇನು ತಿಳಿಯುತ್ತೆ?"

"ಊರಿತೋ ಇಲ್ವೋ, ಅಷ್ಟೇ. ಸುಳ್ಳು ಮಾತ್ರ ಹೇಳ್ಬೇಡಿ."

ಮಾಸ್ತಮ್ಮ ಮ್ಯಾಟಿನ ಅಂಚಿಗೆ ಜರುಗಿ ಕೂತಳು. ಸಮತಾ ಫಿರೋಜಾಳನ್ನು ಎಡಕ್ಕೆ ಎತ್ತಿ ಹಾಕಿದಳು.

"ಊರಿತು."

ಮತ್ತೆ ಬಿದ್ದಳು. "ಊರಿತು."

ಮಾರನೇ ದಿನವೂ ಅದೇ. ಹುಡುಗಿಯ ಕಣ್ಣು ತುಂಬಿತು. ಒಂದು ಸಲ 'ಇಲ್ಲ' ಅಂದುಬಿಡಲೇ ಎಂದು ಮಾಸ್ತಮ್ಮನ ನಾಲಿಗೆ ತುದಿವರೆಗೂ ಬಂತು. ಅದನ್ನೇ ನಂಬಿ, ಜೋರಾಗಿ ಬಿದ್ದು, ಮೂಳೆ ಹೋದರೆ? "ಬೆರಳ ತುದಿ ತಾಗಿತು," ಎಂದಳು, ಕಂಡಷ್ಟೇ. ಫಿರೋಜಾ ತಲೆಯಾಡಿಸಿದಳು. ತುಟಿ ಅಲ್ಲಾಡುವುದು ನಿಂತಿತ್ತು. ಶನಿವಾರ ಒಮ್ಮೆ ನಿಜವಾಗಿ "ಇಲ್ಲ" ಎನ್ನುವ ಹಾಗಾಯಿತು. ಅದರ ಬೆನ್ನಿಗೇ ಮತ್ತೆ "ಊರಿತು."

ಭಾನುವಾರ ಮೇಷ್ಟ್ರು ಸಮತಾಗೆ, "ಯಾವ ಕಡೆಗೆ ಅಂತ ಮೊದಲೇ ಹೇಳ್ಬೇಡ," ಎಂದರು.

ಇಬ್ಬರೂ ಕಾಲರ್ ಹಿಡಿದು ಸುತ್ತಿದರು. ಫಿರೋಜಾ ಒಮ್ಮೆ ಬಲಕ್ಕೆ ಬಿದ್ದಳು, ಸರಿಯಾಯಿತು. ಮತ್ತೆ ಸುತ್ತು. ಮಾಸ್ತಮ್ಮ ಸೆರಗು ಕಚ್ಚಿ ಹಿಡಿದಿದ್ದಳು. ಕಾಯುತ್ತಾ ಕಾಯುತ್ತಾ ಎಲ್ಲರ ಮೈ ಸಡಿಲವಾದ ಹೊತ್ತಿಗೆ ಸಮತಾ ಗಿರ್ರನೆ ತಿರುಗಿ ಎತ್ತಿದಳು. ಎಡಕ್ಕೆ! ಫಿರೋಜಾಳ ಎರಡೂ ಕಾಲು ಮೇಲೆ. ಮಾಸ್ತಮ್ಮನ ಕಣ್ಣು ಅಂಗೈ ಬಿಟ್ಟು ಕದಲಲಿಲ್ಲ. ಫಟ್ ಎಂದು ಹಾಲಿಗೆಲ್ಲ ಕೇಳುವ ಹಾಗೆ ಬಡಿಯಿತು, ಭುಜದಿಂದ ಬೆರಳಿನವರೆಗೆ ಇಡೀ ತೋಳು ಒಂದೇ ಏಟಿಗೆ.

"ನಾಳೆಯಿಂದ ಶಿವಮೊಗ್ಗದ ಕ್ಲಾಸ್ ನಿನ್ನದು," ಎಂದರು ಮೇಷ್ಟ್ರು.

ಆಮೇಲೆ ಫಿರೋಜಾಗೆ ಆ ಕ್ಲಾಸಿನ ಮಕ್ಕಳೇ ಲೋಕವಾದರು, ಮಾಸ್ತಮ್ಮನನ್ನು ಏನಾದರೂ ಕೇಳಿದ್ದು ಆವತ್ತೇ ಕೊನೆ. ಆವತ್ತು ಮ್ಯಾಟಿನಿಂದ ಎದ್ದು, ಮೇಷ್ಟ್ರ ಮಾತು ಕಿವಿಗೇ ಬೀಳದವಳಂತೆ ನೇರ ಅಜ್ಜಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಅಜ್ಜಿ, ಗಂಟೇ ನೋಡ್ತಿದ್ದೆ. ನಾನು ಯಾವ ಕಡೆಗೆ ಬಿದ್ದೆ?"