ಸಿರುಗುಪ್ಪಕ್ಕೆ ತಲುಪದ ಮಾತು

ಮೊನ್ನೆ ಡ್ಯೂಟಿ ಮುಗಿಸಿ ಹೊರಟಿದ್ದೆ. ಬಳ್ಳಾರಿಯ ಗಾಂಧಿನಗರದ ತಿರುವಿನಲ್ಲಿ ಗೋಬಿ ಮಂಚೂರಿ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ಹಬೆ ಮೂಗಿಗೆ ಬಡಿದದ್ದೇ ತಡ, ಕಾಲುಗಳು ಅಲ್ಲೇ ನಿಂತುಬಿಟ್ಟವು. ಇಂಗ್ಲೆಂಡಿನ ಆ ಸಮುದ್ರದ ಊರಿನಲ್ಲಿ ಬೀದಿಗೆ ಬೀದಿಯೇ ಹೀಗೆ ನಾರುತ್ತಿತ್ತು. ಬಿಸಿ ಚಿಪ್ಸಿನ ಮೇಲೆ ವಿನೆಗರ್ ಸುರಿದುಕೊಂಡು, ಕಡಲಹಕ್ಕಿಗಳು ಕಸಿಯದಂತೆ ಅಂಗೈ ಮುಚ್ಚಿಕೊಂಡು ತಿನ್ನುವ ಮಂದಿ... ಅವರ ನಡುವೆ ಒಂದು ಸಣ್ಣ ಅಂಗಡಿ, ಅದರ ಬಾಗಿಲಲ್ಲಿ ಚಾಚಾ.

ಮೂರು ವರ್ಷ ನಾನು ಅಲ್ಲಿಯ ವೃದ್ಧಾಶ್ರಮವೊಂದರಲ್ಲಿ ನರ್ಸ್ ಆಗಿದ್ದೆ. ಬೇಸಿಗೆಯಲ್ಲಿ ರೈಲುಗಟ್ಟಲೆ ಜನ ಬಂದಿಳಿಯುತ್ತಿದ್ದರು. ನಾವು ಬಳ್ಳಾರಿಯಲ್ಲಿ ಯಾವ ಬಿಸಿಲಿಗೆ ಹೆದರಿ ಕಿಟಕಿ ಮುಚ್ಚುತ್ತೇವೆಯೋ ಅದರ ಕಾಲು ಭಾಗ ಸಿಕ್ಕರೂ ಸಾಕೆಂದು ಮರಳ ದಂಡೆಯ ಮೇಲೆ ಮಲಗುತ್ತಿದ್ದರು. ಚಳಿಗಾಲ ಬಂತೆಂದರೆ ಅರ್ಧ ಊರಿಗೆ ಬೀಗ. ಮುದುಕರು, ಅವರನ್ನು ನೋಡಿಕೊಳ್ಳುವ ನಾವು, ಮತ್ತೆ ಗಾಳಿ.

ಹೋದ ಹೊಸತರಲ್ಲಿ ಒಂದು ದಿನ ಅಂಗಡಿಯೊಂದರ ಮುಂದೆ ನಿಂತು ಅವ್ವನ ಜೊತೆ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದೆ. ಒಳಗಿನಿಂದ ಬಿಳಿ ಗಡ್ಡದವರೊಬ್ಬರು ಹೊರಬಂದರು.

"ಯಾವೂರವ್ವ ನಿಂದು?"

ಫೋನ್ ಕಿವಿಯಿಂದ ಇಳಿಸಿ, "ಕುರುಗೋಡ್ರಿ" ಅಂದೆ.

"ನಂದು ಸಿರುಗುಪ್ಪ!" ಎಂದವರು ಪಕ್ಕದ ಬಣ್ಣಬಣ್ಣದ ಆಟದ ಬಕೆಟ್ಟುಗಳ ರಾಶಿಯನ್ನೇ ಹಿಡಿದುಕೊಂಡು ನಿಂತರು.

ಅವರೇ ಚಾಚಾ. ಹರೆಯದಲ್ಲಿ ಹೋಟೆಲ್ ಅಡುಗೆಗೆಂದು ಹೋದವರು ಅಲ್ಲಿಯ ಹೆಣ್ಣನ್ನೇ ಮದುವೆಯಾಗಿ ನೆಲೆಸಿದ್ದರು. ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಮಕ್ಕಳ ಮರಳಾಟದ ಸಾಮಾನು, ಗಾಳಿಪಟ, ಚಿತ್ರದ ಕಾರ್ಡು ಮಾರುತ್ತಿದ್ದರು. "ನಮ್ಮೂರ ಬಿಸಲು ಡಬ್ಬಿಗೆ ತುಂಬಿ ತಂದಿದ್ರ ನಾ ಇಲ್ಲಿ ಸಾವ್ಕಾರ ಆಗ್ತಿದ್ದೆ ನೋಡು" ಎಂದು ನಗುತ್ತಿದ್ದರು. ಪ್ರತಿ ಭಾನುವಾರ ನನಗಾಗಿ ಅನ್ನ, ಖಾರ ಸಾರು ಮಾಡಿಡುತ್ತಿದ್ದರು. ನನ್ನ ಜೊತೆ ಕನ್ನಡ ಮಾತಾಡಲಿಕ್ಕಾಗಿಯೇ ಅದನ್ನೆಲ್ಲ ಮಾಡುತ್ತಿದ್ದರೆಂದು ಈಗ ಅನ್ನಿಸುತ್ತದೆ...

ಎರಡನೆಯ ವರ್ಷ ತಂಗಿಯ ಮದುವೆಗೆಂದು ಹದಿನೈದು ದಿನ ಊರಿಗೆ ಹೊರಟೆ. ಆಗ ಚಾಚಾ ಮೊದಲ ಸಲ ಸಿರುಗುಪ್ಪದಲ್ಲಿರುವ ತಮ್ಮ ಅಕ್ಕನ ವಿಷಯ ಎತ್ತಿದರು. ಅವರ ತಾಯಿ ಹಾಸಿಗೆ ಹಿಡಿದಾಗ ಅಕ್ಕ ಬಾ ಎಂದು ಫೋನ್ ಮಾಡಿದ್ದಳಂತೆ. ಬೇಸಿಗೆಯ ನಡುಮಧ್ಯೆ, ಅಂಗಡಿ ತುಂಬ ಜನ.

"ಸೀಜನ್ ಮುಗೀಲಿ, ಬರ್ತೀನಿ ಅಂದೆ. ಅಮ್ಮ ಅಲ್ಲೀತನ ಕಾಯಲಿಲ್ಲ. ಅವತ್ತಿಂದ ಅಕ್ಕ ನನ್ನ ಫೋನ್ ಎತ್ತವಲ್ಲಳು."

ಈಗ ಹೋಗೋಣವೆಂದರೆ ಶ್ವಾಸಕೋಶ ಕೆಟ್ಟು, ವಿಮಾನ ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರು.

"ಏನಾದ್ರೂ ಕೊಟ್ಟು ಕಳಸ್ರಿ, ಮುಟ್ಟಸ್ತೀನಿ" ಅಂದೆ.

"ಏನೂ ಬ್ಯಾಡ. ಕೊಟ್ರ ಹೊರಗ ಒಗಿತಾಳ. ಇನ್ನೂ ಸಿಟ್ಟೈತೇನು, ಅಷ್ಟ ಕೇಳ್ಕೊಂಡ್ ಬಾ."

ಮದುವೆಮನೆಯ ಗದ್ದಲದಲ್ಲಿ ದಿನಗಳು ಹೋದವು. ಒಂದು ಮಧ್ಯಾಹ್ನ ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸು ಕಣ್ಣೆದುರೇ ನಿಂತಿತ್ತು, ಒಳಗೆ ಸೀಟೂ ಖಾಲಿ ಇತ್ತು. ದರ್ಜಿಯ ಹತ್ತಿರ ಬ್ಲೌಸು ತರಬೇಕಿತ್ತು. ನಾಳೆ ಹೋದರಾಯಿತು ಅಂದುಕೊಂಡೆ. ಆ ನಾಳೆ ಬರಲಿಲ್ಲ.

ವಾಪಸು ಹೋದ ಭಾನುವಾರ ಚಾಚಾ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು.

"ಏನಂದಳು?"

ಹೋಗಲಾಗಲಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆ ಮುಖ ನೋಡಿ ಬೇರೆಯದೇ ಹೊರಬಿತ್ತು.

"ಸಿಟ್ಟೇನೂ ಇಲ್ಲಂತ್ರಿ. ಆರಾಮಿರು ಅಂತ ಹೇಳು ಅಂದ್ರು."

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಎಲಿ ಅಡಕಿ ಇನ್ನೂ ಹಾಕ್ತಾಳೇನು?" ಅಂದರು. ಹೌದೆಂದೆ. "ಮೊಣಕಾಲು ನೋವು?" ಕಡಿಮೆಯಾಗಿದೆ ಎಂದೆ. ಒಂದು ಸುಳ್ಳಿಗೆ ಹತ್ತು ಸುಳ್ಳು ಪೋಣಿಸುತ್ತಾ ಹೋದೆ. ಆ ಬೇಸಿಗೆಯೆಲ್ಲ ಅವರು ಪರಿಚಯದವರಿಗೆಲ್ಲ ನನ್ನನ್ನು ತೋರಿಸಿ, ನಮ್ಮಕ್ಕನನ್ನು ನೋಡಿ ಬಂದ ಹುಡುಗಿ ಎಂದು ಹೇಳಿಕೊಂಡರು. ಅಕ್ಕನಿಗೆ ಫೋನ್ ಮಾಡಿರೆಂದು ನಾನು ಹೇಳಲಿಲ್ಲ. ಅವರೂ ಮಾಡಲಿಲ್ಲ. "ಆಕಿ ಬಾಯಿಂದ ಒಮ್ಮಿ ಬಂತಲ್ಲ, ಮತ್ತ ಕೆದಕಬಾರದು" ಅನ್ನುತ್ತಿದ್ದರು.

ಮುಂದಿನ ಚಳಿಗಾಲ ಅವರು ಆಸ್ಪತ್ರೆ ಸೇರಿದರು. ಕೊನೆಯ ಸಲ ನೋಡಲು ಹೋದಾಗ ಆಕ್ಸಿಜನ್ ಮುಖವಾಡ ಸರಿಸಿ, "ನೀ ಹೋಗಿ ಬಂದಿ ನೋಡು, ಇನ್ ನನಗ ಚಿಂತಿಲ್ಲ" ಅಂದರು. ನಾನು ಮುಖವಾಡವನ್ನು ಮತ್ತೆ ಅವರ ಮೂಗಿಗೆ ಸರಿಯಾಗಿ ಕೂರಿಸಿದೆ. ಮಣ್ಣು ಕೊಡಲು ನಾವು ಆರೇ ಜನ.

ಬಳ್ಳಾರಿಗೆ ಮರಳಿ ಇಲ್ಲಿಯ ನರ್ಸಿಂಗ್ ಹೋಂ ಸೇರಿದ ಮೇಲೆ ಸಿರುಗುಪ್ಪದ ಬಸ್ಸು ಹತ್ತಿದೆ. ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಮನೆ. ಚಾಚಾನದೇ ಹಣೆ, ಚಾಚಾನದೇ ಕಣ್ಣು ಆ ಮುದುಕಿಗೆ. ತಮ್ಮ ತೀರಿಕೊಂಡ ಸುದ್ದಿ ಅಲ್ಲಿಗಿನ್ನೂ ಮುಟ್ಟಿರಲಿಲ್ಲ. ನಾನೇ ಹೇಳಬೇಕಾಯಿತು.

ಆಕೆ ಗೋಡೆಗೆ ಒರಗಿ ಕೂತರು. "ನಾ ಸಿಟ್ಟು ಬಿಟ್ಟು ಎಷ್ಟೋ ವರ್ಷಾತವ್ವ. ಅವನೂ ಫೋನ್ ಮಾಡೋದು ಬಿಟ್ಟಿದ್ದ. ಯಾರಾದ್ರೂ ಬಂದು ಕೇಳ್ಯಾರು ಅಂತ ಕುಂತಿದ್ದೆ" ಅಂದರು.

ನನ್ನ ಸುಳ್ಳು ನಿಜವೇ ಆಗಿತ್ತು. ಅದರಿಂದ ಸಮಾಧಾನವಾಗಲಿಲ್ಲ. ಅಳುತ್ತಲೇ ಎಲ್ಲ ಒಪ್ಪಿಕೊಂಡೆ. ಆಕೆ ನನ್ನ ಕೈಯೊಳಗಿನ ಫೋನನ್ನು ನೋಡಿದರು.

"ನೀ ಅವತ್ತು ಬಂದಿದ್ರ, ಇದರಾಗ ಅವನ ಜೋಡಿ ಮಾತಾಡ್ತಿದ್ದೆನಲ್ಲ?"

"ಹೌದ್ರಿ."

"ಅವನ ಮಾರಿನೂ ಕಾಣ್ತಿತ್ತಲ್ಲ?"

"ಕಾಣ್ತಿತ್ರಿ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಆ ಮಾತು ಅವಂಗ ನಾ ಹೇಳಬೇಕಿತ್ತವ್ವ..." ಎಂದಷ್ಟೇ ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಆಮೇಲೆ ನಾನು ಆ ಕಡೆ ಹೋಗಿಲ್ಲ. ವರ್ಷ ಆಗುತ್ತಾ ಬಂತು. ರಜೆ ಸಿಕ್ಕಾಗಲೆಲ್ಲ ಹೋಗಬೇಕು ಅನ್ನಿಸುತ್ತದೆ. ಚಾಚಾ ಆಕೆಯ ಬಗ್ಗೆ ಹೇಳಿದ್ದನ್ನೆಲ್ಲ, ಒಂದಕ್ಷರ ಕೂಡಿಸದೆ, ಹೇಳಿ ಬರಬೇಕು. ಆದರೆ ಆಕೆಗೆ ಬೇಕಾಗಿದ್ದದ್ದು ತಮ್ಮನ ದನಿ. ಅದು ಈಗ ಯಾರ ಹತ್ತಿರವೂ ಇಲ್ಲ.